ಹಾಸನದಿಂದ ಥಾಯ್ಲೆಂಡಿನ ತರಗತಿಗೆ: ಮೊದಲು ಕಾಗದ, ಆಮೇಲೆ ಅರ್ಜಿ

ಹೊರದೇಶದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಬಯಸುವವರಲ್ಲಿ ಡಿಗ್ರಿ ಮುಗಿದ ಕೂಡಲೇ ಅರ್ಜಿ ಕಳಿಸಲು ಶುರು ಮಾಡುವವರೇ ಹೆಚ್ಚು. ನಾನು ಅರ್ಜಿಯನ್ನು ಕೊನೆಗಿಟ್ಟು, ಮೊದಲ ನಾಲ್ಕು ತಿಂಗಳನ್ನು ಪೂರ್ತಿ ಕಾಗದಪತ್ರಕ್ಕೆ ಕೊಟ್ಟೆ. ಶಾಲೆಯವರು ಒಪ್ಪಿಕೊಂಡ ಮೇಲೆ ನಮ್ಮ ಕೈಗೆ ಸಿಗುವುದು ಎರಡು ಮೂರು ವಾರ ಮಾತ್ರ. ಅಷ್ಟರಲ್ಲಿ ಮೈಸೂರು ವಿಶ್ವವಿದ್ಯಾಲಯ, ಬೆಂಗಳೂರಿನ ಉನ್ನತ ಶಿಕ್ಷಣ ಇಲಾಖೆ, ಪೊಲೀಸ್ ಪರಿಶೀಲನೆ ಎಲ್ಲ ಮುಗಿಯುವ ಮಾತೇ ಇಲ್ಲ. ಕೆಲಸ ಕೈತಪ್ಪುವುದು ಸಂದರ್ಶನದಲ್ಲಲ್ಲ, ಇಲ್ಲಿ.

ಯಾವ ದೇಶ ಅನ್ನುವುದನ್ನು ಬೇಗ ತೀರ್ಮಾನಿಸಿಬಿಡಿ. ದಕ್ಷಿಣ ಕೊರಿಯಾ ಇಂಗ್ಲಿಷ್ ಶಿಕ್ಷಕರಿಗೆ ಕೊಡುವ ಇ-2 ವೀಸಾ ಸಾಮಾನ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಈ ಏಳು ದೇಶದವರಿಗೇ ಮೀಸಲು. ಜಪಾನಿನಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ 12 ವರ್ಷ ಓದಿದ ದಾಖಲೆ ಕೇಳುತ್ತಾರೆ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮಾಡಿದವರಿಗೆ ಆ ಬಾಗಿಲು ಅಲ್ಲೇ ಮುಚ್ಚಿತು. ಕೊಲ್ಲಿಯ ಭಾರತೀಯ ಶಾಲೆಗಳಲ್ಲಿ ಬಿ.ಎಡ್. ಇಲ್ಲದವರ ಅರ್ಜಿ ಮುಂದೆ ಹೋಗುವುದು ಕಷ್ಟ. ಬಿ.ಎಡ್. ಇಲ್ಲದ ಹೊಸ ಪದವೀಧರರಿಗೆ ಕಾನೂನುಬದ್ಧವಾಗಿ ತೆರೆದಿರುವ ದಾರಿಗಳಲ್ಲಿ ಥಾಯ್ಲೆಂಡ್ ಮುಖ್ಯವಾದದ್ದು. ಹಾಗಾಗಿ ಮುಂದಿನದೆಲ್ಲ ಅದನ್ನೇ ಕುರಿತು.

ನಮ್ಮ ಕಡೆಯವರಿಗೆ ಅತಿ ಹೆಚ್ಚು ತೊಂದರೆ ಕೊಡುವುದು ಇನಿಷಿಯಲ್. ಮಾರ್ಕ್ಸ್ ಕಾರ್ಡಿನಲ್ಲಿ 'ಕಾವ್ಯಾ ಎಚ್.ಎಸ್.' ಎಂದಿರುತ್ತದೆ, ಆಧಾರ್‌ನಲ್ಲಿ 'ಕಾವ್ಯಾ', ಪಾಸ್‌ಪೋರ್ಟ್‌ನಲ್ಲಿ 'ಕಾವ್ಯಾ ಹೊಳೆನರಸೀಪುರ ಶಿವಣ್ಣ'. ಹೊರದೇಶದ ಅಧಿಕಾರಿಯ ಕಣ್ಣಿಗೆ ಇವರು ಮೂವರು. ಪಾಸ್‌ಪೋರ್ಟ್ ಅರ್ಜಿ ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿಯೇ ಬರೆಯಬೇಕು. ಆಗ ಹಲವರು ಹೆಸರೆಲ್ಲವನ್ನೂ ಒಂದೇ ಕಡೆ ಸೇರಿಸಿ ಸರ್‌ನೇಮ್ ಜಾಗವನ್ನು ಖಾಲಿ ಬಿಡುತ್ತಾರೆ. ಬಿಡಬೇಡಿ. ಒಂಟಿ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶವಿಲ್ಲವೆಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮವನ್ನೇ ತಂದಿತು. ವಿಮಾನದ ಟಿಕೆಟ್ಟು, ವೀಸಾ ಅರ್ಜಿಗಳಲ್ಲೂ ಸರ್‌ನೇಮ್ ಜಾಗ ತುಂಬಲೇಬೇಕಾಗುತ್ತದೆ. ಹೆಸರು 'ಕಾವ್ಯಾ', ಸರ್‌ನೇಮ್ 'ಹೊಳೆನರಸೀಪುರ ಶಿವಣ್ಣ' ಎಂದು ಒಡೆದು ಬರೆದರೆ ಮಾರ್ಕ್ಸ್ ಕಾರ್ಡಿನ ಎಚ್.ಎಸ್. ಜೊತೆಗೂ ಹೊಂದುತ್ತದೆ. ಆಮೇಲೆ, ಮೂರೂ ದಾಖಲೆಗಳಲ್ಲಿರುವುದು ಒಬ್ಬಳೇ ವ್ಯಕ್ತಿ ಎಂದು ಇ-ಸ್ಟ್ಯಾಂಪ್ ಕಾಗದದ ಮೇಲೆ ಇಂಗ್ಲಿಷ್‌ನಲ್ಲಿ ಅಫಿಡವಿಟ್ ಮಾಡಿಸಿ ನೋಟರಿ ಸಹಿ ಹಾಕಿಸಿ. ಎರಡು ಮೂಲ ಪ್ರತಿ ಇಟ್ಟುಕೊಳ್ಳಿ.

ಹಾಸನದ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. 36 ಪುಟದ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ. ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡ್ ತಪ್ಪದೆ ಲಗತ್ತಿಸಿ. ಇಲ್ಲದಿದ್ದರೆ ಪುಸ್ತಕದ ಮೇಲೆ ಇಸಿಆರ್ ಎಂದು ಬೀಳುತ್ತದೆ, ಅಂದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ವಲಸೆ ಅನುಮತಿ ಬೇಕು. ಥಾಯ್ಲೆಂಡ್ ಕೂಡ ಆ 18 ದೇಶಗಳ ಪಟ್ಟಿಯಲ್ಲಿದೆ, ಅನುಮತಿ ಇಲ್ಲದೆ ಕೆಲಸದ ವೀಸಾದಲ್ಲಿ ಹೊರಟವರನ್ನು ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್‌ಗೆ 500 ರೂಪಾಯಿ. ಅದನ್ನು ಮಾತ್ರ ಮೊದಲೇ ಮಾಡಿಸಿಟ್ಟುಕೊಳ್ಳಬೇಡಿ: ನಿರ್ದಿಷ್ಟ ದೇಶದ ಹೆಸರಿನಲ್ಲಿ ಕೊಡುತ್ತಾರೆ, ಕೆಲವು ತಿಂಗಳಲ್ಲಿ ಹಳತಾಗುತ್ತದೆ. ಸಂದರ್ಶನಗಳು ಶುರುವಾದಾಗ ಹಾಕಿದರೆ ಸರಿಹೊಂದುತ್ತದೆ.

ಪಿಡಿಸಿ (ತಾತ್ಕಾಲಿಕ ಪದವಿ ಪ್ರಮಾಣಪತ್ರ) ಹಿಡಿದುಕೊಂಡು ಅರ್ಜಿ ಹಾಕಬಹುದು, ದೃಢೀಕರಣ ಮಾಡಿಸುವಾಗ ಕಾನ್ವೊಕೇಷನ್ ಸರ್ಟಿಫಿಕೇಟೇ ಬೇಕು. ಹಾಸನದ ಹಳೆಯ ವಿದ್ಯಾರ್ಥಿಗಳು ಮೈಸೂರಿಗೆ, ಚಿಕ್ಕಮಗಳೂರಿನವರು ಕುವೆಂಪು ವಿಶ್ವವಿದ್ಯಾಲಯಕ್ಕೆ ಅದಕ್ಕಾಗಿ ಹಣ ಕಟ್ಟಬೇಕು. ಕೊನೆಯ ಸೆಮಿಸ್ಟರ್ ಫಲಿತಾಂಶ ಬಂದ ವಾರವೇ ಕಟ್ಟಿ. ಆಮೇಲಿನ ಕ್ರಮ: ರಾಜ್ಯದ ಉನ್ನತ ಶಿಕ್ಷಣ ಇಲಾಖೆ, ನಂತರ ವಿದೇಶಾಂಗ ಸಚಿವಾಲಯ, ಆಮೇಲೆ ಅಗತ್ಯವಿದ್ದರೆ ಆ ದೇಶದ ರಾಯಭಾರ ಕಚೇರಿ. ಒಮಾನಿನಂಥ ದೇಶಕ್ಕೆ ವಿದೇಶಾಂಗ ಸಚಿವಾಲಯ ಹಾಕುವ ಅಪೊಸ್ಟಿಲ್ ಎಂಬ ದೃಢೀಕರಣ ಮುದ್ರೆ ಸಾಕು, ಯುಎಇಗೆ ರಾಯಭಾರ ಕಚೇರಿಯ ಮುದ್ರೆಯೇ ಬೇಕು. ನಿಮ್ಮ ಶಾಲೆಗೆ ಯಾವುದು ಬೇಕೆಂದು ಇಮೇಲ್‌ನಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ. ಅಪೊಸ್ಟಿಲ್‌ಗೆ ಸಚಿವಾಲಯದ ಶುಲ್ಕ ಒಂದು ದಾಖಲೆಗೆ 50 ರೂಪಾಯಿ. ಸಾವಿರಗಟ್ಟಲೆ ಹೇಳುವವರು ತಮ್ಮ ಓಡಾಟದ ಕೂಲಿ ಸೇರಿಸಿ ಹೇಳುತ್ತಿರುತ್ತಾರೆ. ಇನ್ನೊಂದು ಮಾತು: ಅಪ್ಪ ಅಮ್ಮ ಅಕ್ಕರೆಯಿಂದ ಸರ್ಟಿಫಿಕೇಟುಗಳನ್ನು ಲ್ಯಾಮಿನೇಷನ್ ಮಾಡಿಸಿಡುತ್ತಾರೆ. ಅದರ ಮೇಲೆ ಮುದ್ರೆ ನಿಲ್ಲುವುದಿಲ್ಲ. ಕಾನ್ವೊಕೇಷನ್ ಸರ್ಟಿಫಿಕೇಟ್ ಕೈಗೆ ಬಂದ ದಿನವೇ ಮನೆಯವರಿಗೆ ಹೇಳಿಬಿಡಿ.

ಇಂಗ್ಲಿಷ್ ಮಾತೃಭಾಷೆಯಲ್ಲದವರಿಂದ ಥಾಯ್ ಶಾಲೆಗಳು ಸಾಮಾನ್ಯವಾಗಿ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 600 ಅಂಕ ಕೇಳುತ್ತವೆ. ಒಟ್ಟು 990 ಅಂಕ, 200 ಪ್ರಶ್ನೆ, ಎರಡು ಗಂಟೆ. ಆಲಿಸುವುದಕ್ಕೆ 45 ನಿಮಿಷ, ಓದುವುದಕ್ಕೆ 75. ಓದಿನ ಭಾಗದಲ್ಲಿ ಜನ ಸೋಲುವುದು ಭಾಷೆಯಿಂದಲ್ಲ, ಗಡಿಯಾರದಿಂದ. ಐದನೇ ಭಾಗದ 30 ವ್ಯಾಕರಣ ಪ್ರಶ್ನೆಗಳನ್ನು 10 ನಿಮಿಷಕ್ಕೆ, ಆರನೇ ಭಾಗದ 16 ಪ್ರಶ್ನೆಗಳನ್ನು 8 ನಿಮಿಷಕ್ಕೆ ಮುಗಿಸಿದರೆ ಏಳನೇ ಭಾಗದ 54 ಪ್ರಶ್ನೆಗಳಿಗೆ 57 ನಿಮಿಷ ಉಳಿಯುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಯಾವುದನ್ನೂ ಖಾಲಿ ಬಿಡಬೇಡಿ. ಜೊತೆಗೆ 120 ಗಂಟೆಯ ಟೆಫ್ಲ್ (ಇಂಗ್ಲಿಷ್ ಕಲಿಸುವ ತರಬೇತಿ) ಸರ್ಟಿಫಿಕೇಟ್ ಕೇಳುವುದುಂಟು. ಬರೀ ಆನ್‌ಲೈನ್ ಕೋರ್ಸಿಗಿಂತ, ಹತ್ತಿರದ ಖಾಸಗಿ ಶಾಲೆಯಲ್ಲಿ ಮೂರು ತಿಂಗಳು ಪಾಠ ಮಾಡಿ, ಯಾವ ತರಗತಿ, ವಾರಕ್ಕೆ ಎಷ್ಟು ಪೀರಿಯಡ್ ಎಂದು ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡ ಅನುಭವ ಪತ್ರಕ್ಕೆ ಹೆಚ್ಚು ಬೆಲೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಅರ್ಜಿಯ ಜೊತೆ ಎರಡು ನಿಮಿಷದ ಪರಿಚಯದ ವಿಡಿಯೊ ಕೇಳುತ್ತಾರೆ. ಉಚ್ಚಾರಣೆ ಅಲ್ಲಿ ಬಯಲಾಗುತ್ತದೆ. ಕನ್ನಡದ ಪದಗಳು ಸ್ವರದಲ್ಲಿ ಮುಗಿಯುವುದರಿಂದ ನಮ್ಮ ಬಾಯಲ್ಲಿ ಬಸ್ 'ಬಸ್ಸು' ಆಗುತ್ತದೆ, ಬುಕ್ 'ಬುಕ್ಕು'. ಪದದ ಆರಂಭದ ಎ, ಒ ಧ್ವನಿಗಳಿಗೆ ಯ, ವ ಸೇರಿಕೊಂಡು ಎಗ್ 'ಯೆಗ್ಗು', ಓನ್ಲಿ 'ವೋನ್ಲಿ' ಆಗುತ್ತವೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಈ ಎರಡನ್ನೇ ಹುಡುಕಿ ತಿದ್ದಿ. ಬ್ರಿಟಿಷರ ಹಾಗೆ ಮಾತಾಡಲು ಹೋಗುವುದು ಬೇಡ. ಸ್ಪಷ್ಟವಾಗಿ, ನಿಧಾನವಾಗಿ ಮಾತಾಡಿದರೆ ಸಾಕು.

ನಮ್ಮ ಈ ತೊಡಕೇ ಡೆಮೊ ಪಾಠದಲ್ಲಿ ನಮ್ಮ ಬಲ. ಥಾಯ್ ಭಾಷೆಯಲ್ಲಿ ಪದದ ಕೊನೆಗೆ ಸ್ ಬರುವುದಿಲ್ಲ, ಅದು ತ್ ಆಗುತ್ತದೆ. ಕೊನೆಯ ಲ್ ನ್ ಆಗುತ್ತದೆ. ಮಕ್ಕಳ ಬಾಯಲ್ಲಿ ಬಸ್ 'ಬತ್', ಬಾಲ್ 'ಬೊನ್'. ಬಹುವಚನದ ಪ್ರತ್ಯಯವೂ ಇಲ್ಲದ ಕಾರಣ 'ಟೂ ಬುಕ್' ಎನ್ನುತ್ತಾರೆ. ಕನ್ನಡಿಗರಿಗೆ ಇದರಲ್ಲಿ ಅಚ್ಚರಿಯಿಲ್ಲ, ನಾವೂ 'ಎರಡು ಮರ', 'ಐದು ಪುಸ್ತಕ' ಎನ್ನುವವರೇ. ನಾನು ಸಿದ್ಧಮಾಡಿಕೊಂಡ 15 ನಿಮಿಷದ ಡೆಮೊ ಇದರ ಮೇಲೆಯೇ ನಿಂತಿತ್ತು. ಮೊದಲ ಎರಡು ನಿಮಿಷ ಒಂದು ಪೆನ್ನು, ಆಮೇಲೆ ಮೂರು ಪೆನ್ನು ಎತ್ತಿ ತೋರಿಸಿ 'ಪೆನ್', 'ಪೆನ್ಸ್' ಎರಡನ್ನೇ ಹೇಳುವುದು. ಮುಂದಿನ ಮೂರು ನಿಮಿಷ ಕೊನೆಯ ಧ್ವನಿ ಕೇಳಿಸಿದಾಗ ಮಾತ್ರ ಕೈ ಎತ್ತುವ ಆಟ. ಬಾಯಿಗೆ ಮುಂಚೆ ಕಿವಿ ಪಳಗಬೇಕು. ಐದು ನಿಮಿಷ ಜೋಡಿಯಾಗಿ ಬ್ಯಾಗಿನ ವಸ್ತು ಎಣಿಸುವುದು. ಉಳಿದದ್ದು ಬೋರ್ಡಿನ ಮೇಲೆ ಮೂರು ವಾಕ್ಯ. 'ಅರ್ಥವಾಯಿತಾ?' ಎಂದು ಕೇಳಲೇಬಾರದು, ಎಲ್ಲ ಮಕ್ಕಳೂ 'ಯೆಸ್' ಎನ್ನುತ್ತಾರೆ. 'ಶೋ ಮಿ ಟೂ ಪೆನ್ಸ್' ಎನ್ನಿ. ಕೈ ಸುಳ್ಳು ಹೇಳುವುದಿಲ್ಲ.

ಥಾಯ್ ಶಾಲೆಗಳ ಮೊದಲ ಸೆಮಿಸ್ಟರ್ ಮೇ ಮಧ್ಯದಲ್ಲಿ, ಎರಡನೆಯದು ನವೆಂಬರ್ ಆರಂಭದಲ್ಲಿ ಶುರು. ಹಾಗಾಗಿ ಮಾರ್ಚ್‌-ಏಪ್ರಿಲ್, ಸೆಪ್ಟೆಂಬರ್‌-ಅಕ್ಟೋಬರ್ ಅರ್ಜಿಯ ಕಾಲ. ಮಾತೃಭಾಷೆ ಇಂಗ್ಲಿಷ್ ಅಲ್ಲದವರಿಗೆ ಜಾಹೀರಾತುಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಬಳ 20,000ದಿಂದ 30,000 ಬಾತ್. ಅದೇ ಕೆಲಸಕ್ಕೆ ಬ್ರಿಟನ್, ಅಮೆರಿಕದವರಿಗೆ ಹೆಚ್ಚು ಕೊಡುತ್ತಾರೆ. ಅನ್ಯಾಯವೇ ಸರಿ, ಆದರೆ ಲೆಕ್ಕ ಹಾಕುವಾಗ ನಮ್ಮ ಅಂಕಿಯನ್ನೇ ಹಿಡಿಯಬೇಕು. ಕರಾರು 12 ತಿಂಗಳದ್ದೋ 10 ತಿಂಗಳದ್ದೋ ನೋಡಿ. ಹತ್ತರದ್ದಾದರೆ ರಜೆಯ ತಿಂಗಳಿಗೆ ಸಂಬಳವಿಲ್ಲ. ರೂಮಿಗೆ ಎರಡು ತಿಂಗಳ ಮುಂಗಡ ಕೇಳುವುದುಂಟು, ಮೊದಲ ಸಂಬಳ ತಿಂಗಳ ಕೊನೆಗೆ. ಆ ಹಣ ಕೈಯಲ್ಲಿರಲಿ.

'ಟೂರಿಸ್ಟ್ ಆಗಿ ಬನ್ನಿ, ಆಮೇಲೆ ನೋಡೋಣ' ಎನ್ನುವವರಿಗೆ ಅಲ್ಲೇ ಇಲ್ಲ ಎನ್ನಿ. ಶಾಲೆಯ ಪತ್ರದೊಂದಿಗೆ ಕೆಲಸಕ್ಕೆ ಹೋಗುವವರ ನಾನ್-ಇಮಿಗ್ರೆಂಟ್ ಬಿ ವೀಸಾ ಪಡೆದೇ ಹೊರಡಬೇಕು. 2025ರ ಜನವರಿಯಿಂದ ಭಾರತೀಯರು ಅದಕ್ಕೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬೇಕು. ಥಾಯ್ಲೆಂಡಿನಲ್ಲಿ ಕೆಲಸ ಎಂದು ನಂಬಿಸಿ ಅಲ್ಲಿನ ಗಡಿ ಪಟ್ಟಣ ಮೇ ಸಾಟ್‌ನಿಂದ ಮ್ಯಾನ್ಮಾರಿನ ಸೈಬರ್ ವಂಚನೆಯ ಕೇಂದ್ರಗಳಿಗೆ ಸಾಗಿಸಿದ 500ಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ಸರ್ಕಾರ ವಾಪಸ್ ಕರೆತರಬೇಕಾಯಿತು. ಶಾಲೆಗೆ ನೀವೇ ಫೋನ್ ಮಾಡಿ, ತರಗತಿಯನ್ನು ವಿಡಿಯೊದಲ್ಲಿ ತೋರಿಸಲು ಕೇಳಿ. ಏಜೆಂಟರಿದ್ದರೆ ಅವರ ನೋಂದಣಿ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಹುಡುಕಿ. ನೋಂದಾಯಿತರು ತೆಗೆದುಕೊಳ್ಳಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ. ಲಕ್ಷ ಕೇಳಿದರೆ ಎದ್ದು ಬನ್ನಿ.

ಅಲ್ಲಿ ಇಳಿದಾಗ 90 ದಿನದ ಮುದ್ರೆ ಬೀಳುತ್ತದೆ. ಅಷ್ಟರೊಳಗೆ ವರ್ಕ್ ಪರ್ಮಿಟ್ ಆಗಿ, 1,900 ಬಾತ್ ಕಟ್ಟಿ ವೀಸಾ ವಿಸ್ತರಿಸಬೇಕು. ಶಿಕ್ಷಕರ ಪರವಾನಗಿ ಇಲ್ಲದವರಿಗಾಗಿ ಶಾಲೆಯವರು ಶಿಕ್ಷಕರ ಮಂಡಳಿ ಖುರುಸಪಾದಿಂದ ತಾತ್ಕಾಲಿಕ ಅನುಮತಿ ತರುತ್ತಾರೆ, ಅದರ ಪ್ರತಿ ಕೇಳಿ ಇಟ್ಟುಕೊಳ್ಳಿ. ಅಕ್ಟೋಬರ್ ರಜೆಗೆ ಊರಿಗೆ ಹೊರಡುವ ಮುಂಚೆ 1,000 ಬಾತ್‌ನ ರೀ-ಎಂಟ್ರಿ ಪರ್ಮಿಟ್ ಮರೆಯಬೇಡಿ. ಅದಿಲ್ಲದೆ ಗಡಿ ದಾಟಿದರೆ ವಿಸ್ತರಿಸಿದ ವೀಸಾ ಅಲ್ಲೇ ರದ್ದು. ಮತ್ತೆ ಮೊದಲಿನಿಂದ ಶುರು ಮಾಡಬೇಕು.