ಯುದ್ಧದ ಸುದ್ದಿಲಿ ಚಾನೆಲ್ ಒಂದ್ಕಡೆ ವಾಲಿದೆ ಅನ್ಸಿದ್ರೆ ಕಂಪ್ಲೇಂಟ್ ಕೊಡೋದು ಹೇಗೆ

ಟೀವಿಲಿ ಯುದ್ಧದ ಸುದ್ದಿ ನೋಡ್ತಾ ಮೈ ಉರಿದು, ಇವ್ರು ಪೂರ್ತಿ ಒಂದೇ ಕಡೆ ಮಾತಾಡ್ತಿದಾರೆ ಅನ್ಸಿದ್ರೆ ಬೈಯೋದು ಆಮೇಲಿರ್ಲಿ, ಮೊದಲು ಟೈಮ್ ಬರ್ಕೊಳ್ಳಿ. ಯಾವ ಚಾನೆಲ್, ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷ, ಆಂಕರ್ ಬಾಯಿಂದ ಬಂದಿದ್ದು ಸರಿಯಾಗಿ ಯಾವ ಮಾತು, ಕೆಳಗಡೆ ಪಟ್ಟಿಲಿ ಓಡ್ತಿದ್ದ ಅಕ್ಷರ ಯಾವ್ದು. ಫೋನಲ್ಲೇ ಟೀವಿ ಸ್ಕ್ರೀನ್‌ನ ವಿಡಿಯೋ ಮಾಡ್ಕೊಳ್ಳಿ, ಅದೇ ಪ್ರೋಗ್ರಾಂ ಯೂಟ್ಯೂಬಲ್ಲಿ ಇದ್ರೆ ಲಿಂಕ್ ಜೊತೆ ಒಂದು ಕಾಪಿನೂ ಇಟ್ಕೊಳ್ಳಿ, ಗಲಾಟೆ ಆದ್ಮೇಲೆ ಲಿಂಕ್ ಮಾಯ ಆಗ್ಬಿಡ್ಬಹುದು. ಪ್ರಸಾರ ಮಾಡಿದ್ದನ್ನ ಚಾನೆಲ್‌ನವ್ರು 90 ದಿನ ಇಟ್ಕೊಂಡಿರ್ಬೇಕು ಅಂತ ರೂಲ್ ಇದೆ ನಿಜ, ಆದ್ರೆ ಅದು ಅವ್ರ ಕೈಲಿರತ್ತೆ, ನಿಮ್ಮ ಕೈಲಿ ನಿಮ್ದೇ ಒಂದು ಇರ್ಲಿ.

ನಾನು ಮೊದಲ ಸಲ ಒಂದು ಚಾನೆಲ್‌ಗೆ ಬರ್ದಿದ್ದು ಎರಡು ಪುಟದ ಮೇಲ್. ನೀವು ಮಾರ್ಕೊಂಡಿದೀರ, ನಿಮ್ಗೆ ಸತ್ತವರ ಬಗ್ಗೆ ಕರುಣೆ ಇಲ್ಲ ಅಂತೆಲ್ಲ ಇತ್ತು, ಒಂದೊಂದು ಮಾತೂ ಮನಸ್ಸಿಂದಾನೇ ಬಂದಿತ್ತು, ಉತ್ತರ ಮಾತ್ರ ಬರ್ಲೇ ಇಲ್ಲ. ಎರಡನೇ ಸಲ ಒಂದೇ ಒಂದು ದೃಶ್ಯದ ಬಗ್ಗೆ ಬರ್ದೆ, ನಿಮಿಷದ ಸಮೇತ, ಇದು ನಿನ್ನೆ ರಾತ್ರಿದಲ್ಲ ಹಳೇದು, ಮೂಲ ಇಲ್ಲಿದೆ ಅಂತ. ನಾಲ್ಕನೇ ದಿನಕ್ಕೆ ಆ ವಿಡಿಯೋ ಅವ್ರ ಪೇಜಿಂದ ಹೋಗಿತ್ತು. ಅವತ್ತಿಂದ ನಾನು ಎಲ್ರಿಗೂ ಹೇಳೋದು ಒಂದೇ, ಚಾನೆಲ್ ಮೇಲೆ ಕಂಪ್ಲೇಂಟ್ ಕೊಡ್ಬೇಡಿ, ಒಂದು ವಾಕ್ಯದ ಮೇಲೆ ಕೊಡಿ, ಒಂದು ದೃಶ್ಯದ ಮೇಲೆ ಕೊಡಿ.

ಹಂಗಾಗಿ ತಪ್ಪು ಯಾವ ತರದ್ದು ಅಂತ ಮೊದಲು ಬಿಡಿಸ್ಕೋಬೇಕು. ಸುಲಭವಾಗಿ ಸಾಬೀತು ಮಾಡ್ಬಹುದಾಗಿದ್ದು ಹಸಿ ಸುಳ್ಳು. ಭಾರತ-ಪಾಕ್ ಸಂಘರ್ಷದ ಹೊತ್ತಲ್ಲಿ, 2025ರ ಮೇ 8ರ ರಾತ್ರಿ ಪಾಕಿಸ್ತಾನದ ಕರಾಚಿ ಬಂದರು ನಾಶ ಆಯ್ತು ಅಂತ ಹಲವು ಚಾನೆಲ್‌ಗಳು ಕೂಗಿದ್ವು, ಅಂಥದ್ದೇನೂ ಆಗಿರ್ಲಿಲ್ಲ. ಅದೇ ದಿನಗಳಲ್ಲಿ ಜಮ್ಮು ಕಾಶ್ಮೀರದ ಪೂಂಛ್‌ನಲ್ಲಿ ಶೆಲ್ ದಾಳಿಗೆ ತೀರ್ಕೊಂಡ ಒಬ್ರು ಮದ್ರಸಾ ಮೇಷ್ಟ್ರನ್ನ ಕೆಲವು ಚಾನೆಲ್‌ನವ್ರು ಉಗ್ರ ಅಂದ್ಬಿಟ್ರು, ಅದು ಸುಳ್ಳು ಅಂತ ಪೂಂಛ್ ಪೊಲೀಸರೇ ಹೇಳಿಕೆ ಕೊಡ್ಬೇಕಾಯ್ತು. ಮನೇಲಿ ಹೆಣ ಇಟ್ಕೊಂಡು ಅಳ್ತಿರೋ ಜನಕ್ಕೆ ಟೀವಿಲಿ ಹಿಂಗೆ ಕೇಳಿಸಿದ್ರೆ ಹೆಂಗಾಗಿರ್ಬೇಡ, ಅದಕ್ಕೇ ಇದನ್ನೆಲ್ಲ ಬರೀ ಟೀವಿ ಗಲಾಟೆ ಅಂತ ಬಿಟ್ಬಿಡೋಕೆ ನಂಗಾಗಲ್ಲ. ವಿಡಿಯೋ ವಿಷ್ಯಕ್ಕೆ ಬಂದ್ರೆ, ಆರ್ಮಾ 3 ಅನ್ನೋ ಗೇಮ್‌ನ ದೃಶ್ಯಗಳು ನಿಜವಾದ ಯುದ್ಧ ಅಂತ ಎಷ್ಟು ಸಲ ಓಡಾಡಿವೆ ಅಂದ್ರೆ 2022ರಲ್ಲಿ ಆ ಗೇಮ್ ಮಾಡಿದ ಬೊಹೀಮಿಯಾ ಇಂಟರಾಕ್ಟಿವ್ ಕಂಪ್ನಿನೇ ನಮ್ ಗೇಮ್ ಗುರುತು ಹಿಡಿಯೋದು ಹೆಂಗೆ ಅಂತ ಹೇಳ್ಬೇಕಾಯ್ತು. ವಿಡಿಯೋನ ಒಂದು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು, ಚಿತ್ರ ಕೊಟ್ಟು ಹುಡುಕೋ ಗೂಗಲ್ ಲೆನ್ಸ್‌ಗೆ ಹಾಕಿ, ಹಳೇದಾಗಿದ್ರೆ ಎಷ್ಟೋ ಸಲ ಅಲ್ಲೇ ಸಿಕ್ಕಿಬೀಳತ್ತೆ.

ಎರಡನೇದು ಮಾತಲ್ಲಿರೋ ವಾಲು, ಇದನ್ನ ಹಿಡಿಯೋದು ಕಷ್ಟ ಆದ್ರೆ ನಿಜವಾದ ಪಕ್ಷಪಾತ ಹೆಚ್ಚಾಗಿ ಇರೋದು ಇಲ್ಲೇ. ಒಂದು ಕಡೆಯವ್ರು ಸತ್ರೆ "ಹತ್ಯೆ", ಇನ್ನೊಂದು ಕಡೆಯವ್ರು ಸತ್ರೆ ಬರೀ "ಸಾವು". ಒಂದು ಕಡೆ "ಇಂಥವ್ರು ಬಾಂಬ್ ಹಾಕಿ ಕೊಂದ್ರು", ಇನ್ನೊಂದು ಕಡೆ "ಬಾಂಬ್ ಬಿದ್ದು ಮೃತಪಟ್ಟರು", ಯಾರು ಹಾಕಿದ್ರು ಅನ್ನೋದೇ ಇಲ್ಲ, ಬಾಂಬ್ ತಾನಾಗೇ ಬಿದ್ದಂಗೆ. ಒಬ್ರ ಲೆಕ್ಕಕ್ಕೆ "ಅಂತ ಅವ್ರು ಹೇಳ್ಕೊಂಡಿದಾರೆ" ಅಂತ ಬಾಲ ಇರತ್ತೆ, ಇನ್ನೊಬ್ರ ಲೆಕ್ಕ ಕಂಡ ಸತ್ಯದ ತರ ಓದ್ತಾರೆ. ಆಮೇಲೆ ಆ ಪ್ರಶ್ನಾರ್ಥಕ ಚಿಹ್ನೆ, "ಶತ್ರು ಪಡೆ ಉಡೀಸ್?" ಅಂತ ಹಾಕಿ ನಾವು ಕೇಳಿದ್ವಿ ಅಷ್ಟೇ ಅಂತ ತಪ್ಪಿಸ್ಕೊಳೋದು. ಇದನ್ನ ತೋರಿಸೋಕೆ ಒಂದು ವಾಕ್ಯ ಸಾಕಾಗಲ್ಲ, ಅದೇ ಚಾನೆಲ್‌ನ ಎರಡು ಬುಲೆಟಿನ್ ತಗೊಂಡು ಎರಡೂ ಕಡೆ ಸಾವಿನ ಸುದ್ದಿ ಹೆಂಗೆ ಹೇಳಿದ್ರು ಅಂತ ಪಕ್ಕಪಕ್ಕ ಬರೀರಿ, ಅದ್ರ ಮುಂದೆ ಇನ್ನೇನೂ ವಾದ ಬೇಕಾಗಲ್ಲ.

ಇಲ್ಲಿ ನಿಮ್ಮನ್ನೇ ನೀವು ಒಂದು ಪ್ರಶ್ನೆ ಕೇಳ್ಕೊಳ್ಳಿ, ಇದೇ ಮಾತು ನಂಗಾಗ್ದಿರೋ ಕಡೆಯವ್ರ ಬಗ್ಗೆ ಬಂದಿದ್ರೆ ನಾನು ಕಂಪ್ಲೇಂಟ್ ಬರೀತಿದ್ನಾ? ಇಲ್ಲ ಅನ್ಸಿದ್ರೆ ಅದನ್ನ ಬಿಟ್ಟು ಬೇರೆ ಉದಾಹರಣೆ ತಗೊಳ್ಳಿ. ಸುದ್ದಿ ನಮಗೆ ನೋವು ಮಾಡ್ತು ಅನ್ನೋದು ಬೇರೆ, ಸುದ್ದಿ ತಪ್ಪಾಗಿತ್ತು ಅನ್ನೋದು ಬೇರೆ.

ಇನ್ನು ಯಾರಿಗೆ ಕೊಡೋದು. ಖಾಸಗಿ ಟೀವಿ ಚಾನೆಲ್ ಆದ್ರೆ 2021ರ ಕೇಬಲ್ ಟೆಲಿವಿಷನ್ ನೆಟ್‌ವರ್ಕ್ಸ್ ತಿದ್ದುಪಡಿ ನಿಯಮದಲ್ಲಿ ಮೂರು ಮೆಟ್ಟಿಲಿದೆ. ಮೊದಲನೇದು ಚಾನೆಲ್‌ನ ಗ್ರೀವೆನ್ಸ್ ಆಫೀಸರ್, ಅಂದ್ರೆ ದೂರು ನೋಡ್ಕೊಳ್ಳೋ ಅಧಿಕಾರಿ, ಅವ್ರ ವಿವರ ಚಾನೆಲ್ ವೆಬ್‌ಸೈಟಲ್ಲಿ ಇರ್ಲೇಬೇಕು, 24 ಗಂಟೇಲಿ ಕಂಪ್ಲೇಂಟ್ ಬಂತು ಅಂತ ತಿಳಿಸಿ 15 ದಿನದಲ್ಲಿ ತೀರ್ಮಾನ ಹೇಳ್ಬೇಕು. ಎರಡನೇದು ಚಾನೆಲ್‌ಗಳೇ ಸೇರಿ ಮಾಡ್ಕೊಂಡಿರೋ ಸಂಸ್ಥೆ, ಅಲ್ಲಿಗೆ ಹೋದ ಅಪೀಲನ್ನ ಅವ್ರು 60 ದಿನದಲ್ಲಿ ತೀರ್ಮಾನ ಮಾಡ್ಬೇಕು. ಮೂರನೇದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಇಲಾಖೆ. ನೇರ ಮೂರನೇದಕ್ಕೆ ಹಾರ್ಬೇಡಿ, ಕೆಳಗಡೆ ಮೆಟ್ಟಿಲು ಹತ್ತಿ ಬನ್ನಿ ಅಂತ ವಾಪಸ್ ಕಳಿಸಿದ್ರೆ ಸಮಯ ಹಾಳಾಗತ್ತೆ.

ಎರಡನೇ ಮೆಟ್ಟಿಲಲ್ಲಿ ನಿಮ್ಮ ಚಾನೆಲ್ ಯಾವ ಗುಂಪಲ್ಲಿದೆ ಅಂತ ನೋಡ್ಬೇಕು. ಕೆಲವು ಚಾನೆಲ್ ಎನ್‌ಬಿಡಿಎ (ನ್ಯೂಸ್ ಬ್ರಾಡ್‌ಕಾಸ್ಟರ್ಸ್ ಅಂಡ್ ಡಿಜಿಟಲ್ ಅಸೋಸಿಯೇಷನ್) ಅನ್ನೋ ಸಂಘದ ಮೆಂಬರ್, ಅವ್ರ ಮೇಲಿನ ಕಂಪ್ಲೇಂಟ್ ನೋಡೋಕೆ ಎನ್‌ಬಿಡಿಎಸ್‌ಎ ಅನ್ನೋ ಪ್ರಾಧಿಕಾರ ಇದೆ, ಇನ್ನು ಕೆಲವು ನ್ಯೂಸ್ ಬ್ರಾಡ್‌ಕಾಸ್ಟರ್ಸ್ ಫೆಡರೇಷನ್ ಅನ್ನೋ ಇನ್ನೊಂದು ಸಂಘದ ಕಡೆ. ಎನ್‌ಬಿಡಿಎಸ್‌ಎ ವಿಷ್ಯದಲ್ಲಿ ದಿನದ ಲೆಕ್ಕ ಬಿಗಿ, ಪ್ರಸಾರ ಆದ 7 ದಿನದೊಳಗೆ ಚಾನೆಲ್‌ಗೆ ಬರ್ದಿರ್ಬೇಕು, ಅವ್ರ ಉತ್ತರ ಸರಿ ಇಲ್ಲಾಂದ್ರೆ 14 ದಿನದೊಳಗೆ ಮೇಲೆ ಹೋಗ್ಬೇಕು. ಅದೇ ವಿಷ್ಯ ಕೋರ್ಟಲ್ಲಿದ್ರೆ ಅವ್ರು ಮುಟ್ಟಲ್ಲ. ಅವ್ರು ಏನು ಮಾಡ್ತಾರೆ ಅಂದ್ರೆ ಎಚ್ಚರಿಕೆ ಕೊಡ್ತಾರೆ, ಪ್ರಸಾರದಲ್ಲೇ ಕ್ಷಮೆ ಕೇಳಿಸ್ತಾರೆ, ವಿಡಿಯೋ ತೆಗೆಸ್ತಾರೆ, ದಂಡನೂ ಹಾಕ್ತಾರೆ. ಒಂದು ಲಕ್ಷ ದಂಡ ಏನೇನೂ ಸಾಲ್ದು ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು, ನನ್ನ ಅಭಿಪ್ರಾಯನೂ ಅದೇ, ಆದ್ರೂ ಕ್ಷಮೆ ಮತ್ತೆ ವಿಡಿಯೋ ತೆಗೆಸೋದು ಸಣ್ಣ ವಿಷ್ಯ ಅಲ್ಲ.

ದೂರದರ್ಶನ, ಆಕಾಶವಾಣಿ ಆದ್ರೆ ದಾರಿ ಬೇರೆ, ಅವೆರಡನ್ನೂ ನಡೆಸೋ ಪ್ರಸಾರ ಭಾರತಿಗೆ ಸಿಪಿಗ್ರಾಮ್ಸ್ ಅನ್ನೋ ಕೇಂದ್ರ ಸರ್ಕಾರದ ದೂರು ಪೋರ್ಟಲಲ್ಲಿ ಹಾಕಿ. ಬಿಬಿಸಿ ಆದ್ರೆ ಅವ್ರದ್ದೇ ಕಂಪ್ಲೇಂಟ್ ಪೇಜ್ ಇದೆ, ಪ್ರಸಾರ ಆಗಿ 30 ವರ್ಕಿಂಗ್ ಡೇಸ್ ಒಳಗೆ ಬರೀಬೇಕು.

ಬರೆಯೋ ಮಾತು ಹೆಚ್ಚು ಕಮ್ಮಿ ಹಿಂಗಿರ್ಲಿ: "ಇಂಥ ದಿನಾಂಕ ರಾತ್ರಿ 9.14ಕ್ಕೆ ನಿಮ್ಮ ವಾಹಿನಿಯಲ್ಲಿ ತೋರಿಸಿದ ಸ್ಫೋಟದ ದೃಶ್ಯ ಹಿಂದಿನ ರಾತ್ರಿಯದು ಎಂದು ನಿರೂಪಕರು ಹೇಳಿದರು. ಅದೇ ದೃಶ್ಯ ಎರಡು ವರ್ಷದ ಹಿಂದೆಯೇ ಪ್ರಕಟವಾಗಿದೆ, ಲಿಂಕ್ ಮತ್ತು ರೆಕಾರ್ಡಿಂಗ್ ಲಗತ್ತಿಸಿದ್ದೇನೆ. ಇದು ನಿಖರತೆ ಮತ್ತು ನಿಷ್ಪಕ್ಷಪಾತದ ನಿಯಮಕ್ಕೆ ವಿರುದ್ಧ. ಅದೇ ಹೊತ್ತಿನ ಬುಲೆಟಿನ್‌ನಲ್ಲಿ ತಿದ್ದುಪಡಿ ಪ್ರಸಾರ ಮಾಡಿ, ಯೂಟ್ಯೂಬ್‌ನಿಂದಲೂ ತೆಗೆಯಿರಿ." ಏನು ಬೇಕು ಅನ್ನೋದನ್ನ ಬರೀದೆ ಬಿಡ್ಬೇಡಿ, ಕೇಳ್ದೆ ಇದ್ರೆ ಯಾರೂ ಕೊಡಲ್ಲ. ನಿಯಮದ ಹೆಸ್ರು ಹಾಕ್ಬೇಕು ಅಂದ್ರೆ ಕೇಬಲ್ ಟೆಲಿವಿಷನ್ ನೆಟ್‌ವರ್ಕ್ಸ್ ನಿಯಮಗಳಲ್ಲಿ 6ನೇದು ಓದಿ, ಪ್ರೋಗ್ರಾಂ ಕೋಡ್ ಅನ್ನೋದು ಅದಕ್ಕೇ, ಟೀವಿಲಿ ಏನು ತೋರಿಸ್ಬಾರ್ದು ಅನ್ನೋ ಪಟ್ಟಿ, ಬೇಕಂತ ಸುಳ್ಳು, ಅರ್ಧ ಸತ್ಯ, ಸಮುದಾಯದ ಮೇಲೆ ದಾಳಿ ಮಾಡೋ ಮಾತು ಎಲ್ಲ ಅದ್ರಲ್ಲಿದೆ. ಕನ್ನಡ ಚಾನೆಲ್ ಆದ್ರೆ ಆಂಕರ್ ಮಾತನ್ನ ಕನ್ನಡದಲ್ಲೇ ಬರ್ದು ಪಕ್ಕದಲ್ಲಿ ಇಂಗ್ಲಿಷ್ ಅನುವಾದ ಹಾಕಿ, ಮೇಲಿನ ಮೆಟ್ಟಿಲಲ್ಲಿ ಓದೋರಿಗೆ ಕನ್ನಡ ಬರದೇ ಇರ್ಬಹುದು.

"ನಿಮ್ಮ ಅನಿಸಿಕೆ ಗಮನಿಸಿದ್ದೇವೆ" ಅಂತ ಮೇಲ್ ಬಂದ್ರೆ ಅದು ತೀರ್ಮಾನ ಅಲ್ಲ. ತಪ್ಪಾಗಿದೆಯಾ ಇಲ್ವಾ, ಆಗಿದ್ರೆ ಏನು ಮಾಡ್ತೀರ, ಇಷ್ಟಕ್ಕೆ ಉತ್ತರ ಕೊಡಿ ಅಂತ ಅದೇ ಮೇಲ್‌ಗೆ ರಿಪ್ಲೈ ಮಾಡಿ, ಹೊಸ ಮೇಲ್ ಬೇಡ, ತಾರೀಖುಗಳೆಲ್ಲ ಒಂದೇ ಸಾಲಲ್ಲಿ ಉಳೀಬೇಕು. 15 ದಿನ ಕಳೆದು ಏನೂ ಬರ್ಲಿಲ್ಲ ಅಂದ್ರೂ ಮೇಲಿನ ಮೆಟ್ಟಿಲಿಗೆ ಹೋಗ್ಬಹುದು. ಅಲ್ಲಿ ವಿಚಾರಣೆಗೆ ಕರೆದ್ರೆ ಚಾನೆಲ್ ಪರ ವಕೀಲರು ಬಂದು ಇಡೀ ಪ್ರೋಗ್ರಾಂ ನೋಡಿ, ಒಂದು ವಾಕ್ಯ ಹಿಡ್ಕೋಬೇಡಿ ಅನ್ನೋ ಸಾಧ್ಯತೆ ಜಾಸ್ತಿ, ಅದಕ್ಕೆ ಹೋಗೋ ಮುಂಚೆ ಆ ಪ್ರೋಗ್ರಾಂನ ಮೊದಲಿಂದ ಕೊನೇವರ್ಗೂ ಇನ್ನೊಂದ್ಸಲ ಕೂತು ನೋಡಿ, ಅದ್ರಲ್ಲಿ ಎಲ್ಲೂ ಅವ್ರು ಆ ತಪ್ಪು ಸರಿ ಮಾಡ್ಲಿಲ್ಲ ಅನ್ನೋದನ್ನ ನಿಮಿಷದ ಸಮೇತ ಬರ್ಕೊಂಡು ಹೋಗಿ.