ಮತ್ತೊಂದು ಬೋರು ಯಾಕೆ? ಮರ್ಟನ್ ಸಿದ್ಧಾಂತವನ್ನು ಹೊಳಲ್ಕೆರೆ ಕಡೆ ಬಳಸಿದ ಬಗೆ

ನಾಲ್ಕು ಬೋರು (ಕೊಳವೆಬಾವಿ) ಫೇಲಾದ ಮೇಲೂ ಸಾಲ ಮಾಡಿ ಐದನೆಯದನ್ನು ಕೊರೆಸುವ, ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ಕಡೆಯ ರೈತರನ್ನು ಕಂಡು "ದುರಾಸೆ", "ಅಜ್ಞಾನ" ಎಂದು ಬರೆದು ಮುಗಿಸುವವರೇ ಹೆಚ್ಚು. ಇದು ಅನ್ಯಾಯ. ನೀರು ಬೀಳುತ್ತದೋ ಇಲ್ಲವೋ ಎಂಬ ಅಂದಾಜು ನಮಗಿಂತ ಅವರಿಗೇ ಚೆನ್ನಾಗಿದೆ. ಗೊತ್ತಿದ್ದೂ ಯಾಕೆ ಕೊರೆಸುತ್ತಾರೆ ಎಂಬುದೇ ಪ್ರಶ್ನೆ. ಇದಕ್ಕೆ ನಾನು ಹಿಡಿದದ್ದು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1938ರಲ್ಲಿ ಮಂಡಿಸಿದ ವಾದ: ಸಮಾಜ ಎಲ್ಲರಿಗೂ ಒಂದೇ ಗುರಿ ತೋರಿಸಿ, ಅಲ್ಲಿಗೆ ತಲುಪುವ ಒಪ್ಪಿತ ದಾರಿಯನ್ನು ಕೆಲವರಿಗಷ್ಟೇ ಕೊಟ್ಟರೆ, ಉಳಿದವರ ಮೇಲಿನ ಒತ್ತಡ ಬೇರೆ ಬೇರೆ ರೂಪದಲ್ಲಿ ಹೊರಬೀಳುತ್ತದೆ. ಅವರು ಬರೆದದ್ದು ಅಮೆರಿಕದ ದುಡ್ಡಿನ ಯಶಸ್ಸಿನ ಬಗ್ಗೆ. ಇಲ್ಲಿ ಆ ಜಾಗದಲ್ಲಿ ಅಡಿಕೆ ತೋಟವಿದೆ.

ಇದೆ ಎಂದರೆ ಸಾಲದು, ತೋರಿಸಬೇಕು. "ನಿಮ್ಮ ಗುರಿ ಏನು?" ಎಂದು ಕೇಳಿದರೆ "ಮಕ್ಕಳು ಚೆನ್ನಾಗಿದ್ರೆ ಸಾಕು ಸಾರ್" ಎನ್ನುತ್ತಾರೆ. "ಹೆಣ್ಣು ಕೊಡೋರು ಮೊದಲು ಏನು ಕೇಳ್ತಾರೆ?" ಎಂದು ಕೇಳಿ. "ತೋಟ ಎಷ್ಟೈತೆ ಅಂತಾರೆ." ಹೊಲ ಎಷ್ಟು ಎಂದಲ್ಲ, ತೋಟ ಎಷ್ಟು. ಗುರಿ ಸಿಗುವುದು ಇಂಥ ಕಡೆ. ಹೋಲಿಕೆಗೆ ಇನ್ನೊಂದು ಊರೂ ಬೇಕು: ಹೊಳಲ್ಕೆರೆ, ಚನ್ನಗಿರಿ ಕಡೆಯ ತೋಟದ ಊರೊಂದು, ಚಳ್ಳಕೆರೆ ಕಡೆಯ ಶೇಂಗಾ ಬೆಳೆಯುವ ಊರೊಂದು. ಬರೀ ನೀರಿನ ಕೊರತೆಯೇ ಕಾರಣವಾದರೆ ಸಾಲ ಮಾಡಿ ಮತ್ತೆ ಮತ್ತೆ ಕೊರೆಸುವುದು ಎರಡೂ ಕಡೆ ಇರಬೇಕು. ಗುರಿಯ ಒತ್ತಡ ಕಾರಣವಾದರೆ ತೋಟದ ಊರಲ್ಲೇ ಹೆಚ್ಚಿರಬೇಕು. ಸಿದ್ಧಾಂತ ಸೋಲುವುದಕ್ಕೆ ಇಂಥ ಅವಕಾಶವನ್ನು ಮೊದಲೇ ಇಡದಿದ್ದರೆ, ಸಿಕ್ಕಿದ್ದೆಲ್ಲ ಅದಕ್ಕೆ ಸಾಕ್ಷಿಯಾಗಿಯೇ ಕಾಣುತ್ತದೆ.

ಒಂದು ಮನೆಗೆ ಒಂದು ಹಾಳೆ, ಒಂದು ಬೋರಿಗೆ ಒಂದು ಸಾಲು: ಯಾವ ವರ್ಷ, ಎಷ್ಟು ಅಡಿ, ಎಷ್ಟು ಇಂಚು ನೀರು, ದುಡ್ಡು ಎಲ್ಲಿಂದ, ಪಾಯಿಂಟ್ (ಕೊರೆಯುವ ಜಾಗ) ಹೇಳಿದ್ದು ಯಾರು, ಅದಕ್ಕೂ ಮುಂಚೆ ಪಕ್ಕದ ಹೊಲದಲ್ಲಿ ಕೊರೆದಿದ್ದರೇ. ವರ್ಷ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ. ನೋಟು ರದ್ದಾಗಿದ್ದು (2016), ಲಾಕ್‌ಡೌನ್ (2020), ಮಾರಿಕಣಿವೆ (ವಾಣಿವಿಲಾಸ ಸಾಗರ) ಜಲಾಶಯ ಕೋಡಿ ಬಿದ್ದದ್ದು (2022, ಅದಕ್ಕೆ ಹಿಂದೆ ಬಿದ್ದದ್ದು 1933ರಲ್ಲಿ), ಇವುಗಳ ಹಿಂದೋ ಮುಂದೋ ಎಂದು ಕೇಳಿದರೆ ಕೂಡಲೇ ಹೇಳುತ್ತಾರೆ. ಕೊನೆಯ ಕಾಲಂ ಬಿಡಲೇಬಾರದು. ಇದು ಗಟ್ಟಿ ಕಲ್ಲಿನ ನೆಲ, ನೀರಿರುವುದು ಬಿರುಕುಗಳಲ್ಲಿ. ಪಕ್ಕದವನ ಆಳದ ಬೋರು ಇವನದನ್ನು ಒಣಗಿಸಿರಬಹುದು. ಅಂಥ ಸಾಲುಗಳಿಗೆ ಮರ್ಟನ್ ಬೇಕಿಲ್ಲ, ಬೇರೆಯಾಗಿಡಿ. ಗಿಡದ ವಯಸ್ಸನ್ನೂ ಬರೆಯಿರಿ. ಎಕರೆಗೆ ಸುಮಾರು 550 ಗಿಡ, ಫಸಲಿಗೆ ಐದಾರು ವರ್ಷ. ನಾಲ್ಕನೇ ವರ್ಷದ ಬೇಸಿಗೆಯಲ್ಲಿ ಬೋರು ನಿಂತವನ ಲೆಕ್ಕವೇ ಬೇರೆ: ಈಗ ಬಿಟ್ಟರೆ ಫಸಲಿನ ಹೊಸ್ತಿಲಲ್ಲೇ ತೋಟ ಹೋಗುತ್ತದೆ.

ಆಮೇಲೆ ವರ್ಗೀಕರಣ. ಮರ್ಟನ್ ಹೇಳುವ ಪ್ರತಿಕ್ರಿಯೆ ಐದು: ಅನುಸರಣೆ, ನವೀನತೆ, ವಿಧಿನಿಷ್ಠೆ, ಹಿಮ್ಮೆಟ್ಟುವಿಕೆ, ಬಂಡಾಯ. ಸೊಸೈಟಿ ಸಾಲ ಪಡೆದು, ಅನುಮತಿ ತೆಗೆದುಕೊಂಡು ಕೊರೆಸಿದರೆ ಅನುಸರಣೆ. ಅಧಿಸೂಚಿತ (ಅಂತರ್ಜಲ ಕುಸಿದಿದೆಯೆಂದು ಸರ್ಕಾರ ಗುರುತಿಸಿದ) ತಾಲ್ಲೂಕಿನಲ್ಲಿ ಅನುಮತಿಯಿಲ್ಲದೆ, ಕೈಸಾಲ ತಂದು ರಾತ್ರೋರಾತ್ರಿ ಕೊರೆಸಿದರೆ ನವೀನತೆ. ತೋಟದ ಆಸೆ ಬಿಟ್ಟು, ಲಾಭ ಗಿಟ್ಟದಿದ್ದರೂ ವರ್ಷವರ್ಷ ರಾಗಿ ಬಿತ್ತುತ್ತಲೇ ಇರುವುದು ವಿಧಿನಿಷ್ಠೆ. ತಪ್ಪಾಗುವುದು ಕೊನೆಯ ಎರಡರಲ್ಲಿ. ಹಿಮ್ಮೆಟ್ಟುವಿಕೆ ಎಂದರೆ ಗುರಿ, ದಾರಿ ಎರಡನ್ನೂ ಬಿಡುವುದು; ಬಂಡಾಯ ಎಂದರೆ ಎರಡರ ಜಾಗದಲ್ಲೂ ಬೇರೆಯದನ್ನು ತರುವುದು. ಹೊಲ ಬೀಳು ಬಿಟ್ಟು ಬೆಂಗಳೂರಿಗೆ ಹೋದವನನ್ನು ವಿದ್ಯಾರ್ಥಿಗಳು ಹಿಮ್ಮೆಟ್ಟುವಿಕೆಗೆ ಹಾಕುತ್ತಾರೆ. ಅವನ ಸಂಬಳ ಎಲ್ಲಿಗೆ ಹೋಗುತ್ತಿದೆ ನೋಡಿ; ಊರಿನ ಬೋರಿಗೇ ಹೋಗುತ್ತಿದ್ದರೆ ಅವನು ಗುರಿ ಬಿಟ್ಟಿಲ್ಲ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ನೀರಿಗಾಗಿ ನಡೆಯುವ ಧರಣಿ ಬಂಡಾಯವೂ ಅಲ್ಲ, ಅದೇ ಗುರಿಗೆ ದಾರಿ ಕೇಳುವುದು. ತೋಟವೇ ಬೇಡವೆಂದು ನಾಲ್ಕು ಮನೆಯವರು ಸೇರಿ ಒಂದೇ ಬೋರಿನಲ್ಲಿ ಕಡಿಮೆ ನೀರಿನ ಬೆಳೆ ಮಾಡಿದರೆ, ಗುರಿ ದಾರಿ ಎರಡೂ ಬದಲಾದವು. ಬಂಡಾಯ ಎನ್ನಬೇಕಾದದ್ದು ಅದನ್ನು. ಇವು ನಡೆಯ ಹೆಸರುಗಳೇ ಹೊರತು ಮನುಷ್ಯನವಲ್ಲ ಎಂದು ಮರ್ಟನ್ ಅವರೇ ಎಚ್ಚರಿಸಿದ್ದಾರೆ. ಆದ್ದರಿಂದ ಗುರುತು ಹಾಕಬೇಕಾದದ್ದು ಬೋರಿನ ಸಾಲಿಗೆ, ರೈತನ ಹೆಸರಿಗಲ್ಲ. ಮೊದಲ ಬೋರಿನಲ್ಲಿ ಅನುಸರಣೆ, ಮೂರನೆಯದರಲ್ಲಿ ನವೀನತೆ ಎಂದು ಒಂದೇ ಹಾಳೆಯಲ್ಲಿ ಬರಬಹುದು, ಒತ್ತಡ ಬೆಳೆದ ಹಾದಿ ಕಾಣುವುದೂ ಅಲ್ಲೇ.

ಈ ಸಿದ್ಧಾಂತದ ದೊಡ್ಡ ಕೊರತೆ ಮನೆಯೊಳಗಿನದು. ಅದು ನೋಡುವುದು ಒಬ್ಬ ವ್ಯಕ್ತಿಯನ್ನು. ಬೋರಿನ ಸಾಲ ಮಾತ್ರ ಹಲವರ ಹೆಸರಲ್ಲಿರುತ್ತದೆ. ಯಜಮಾನ "ನಂದೇ ಸಾಲ" ಎನ್ನುವಾಗ ಸ್ತ್ರೀಶಕ್ತಿ ಸಂಘದ ಕಂತು ಹೆಂಡತಿಯದು, ಅಡವಿಟ್ಟ ಒಡವೆಯೂ ಅವರದೇ ಇರಬಹುದು. ಅವರನ್ನು ಬೇರೆಯಾಗಿ, ಗಂಡಸರು ಹೊಲಕ್ಕೆ ಹೋದ ಹೊತ್ತಿನಲ್ಲಿ ಮಾತಾಡಿಸಬೇಕು. "ಸಾಲ ಎಷ್ಟಿದೆಯಮ್ಮಾ?" ಎನ್ನುವುದಕ್ಕಿಂತ "ವಾರದ ಕಂತು ಯಾವ ದಿನ ಬರುತ್ತೆ?" ಎಂದು ಶುರುಮಾಡಿದರೆ ಲೆಕ್ಕ ತಾನೇ ಹೊರಬರುತ್ತದೆ. ಅವರು ಒಪ್ಪಿ ತೋರಿಸಿದರೆ ಕಂತಿನ ಪುಸ್ತಕವನ್ನು ಮನೆಯ ಹಾಳೆಯ ಪಕ್ಕದಲ್ಲಿಟ್ಟು, "ದುಡ್ಡು ಎಲ್ಲಿಂದ" ಎಂಬ ಕಾಲಂ ಅನ್ನು ಇನ್ನೊಂದು ಸಲ ತುಂಬಬೇಕು.