ಕದ್ದ ಲೇಖನ, ಮೆಷಿನ್ ಕನ್ನಡ: ಸಂಚಿಕೆ ಮಾಡುವವರು ಹಿಡಿಯೋದು ಹೇಗೆ?

ಮಂಡ್ಯದ ನಮ್ಮ ಬಡಾವಣೆಯ ಸಂಘ ರಾಜ್ಯೋತ್ಸವಕ್ಕೆ ಸ್ಮರಣ ಸಂಚಿಕೆ ತರುತ್ತದೆ. ಲೇಖನ ತಿದ್ದುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ನಿಮ್ಮ ತಲೆಗೂ ಕಟ್ಟಿದ್ದರೆ ಇದನ್ನು ಓದಿಕೊಳ್ಳಿ.

ಹೋದ ಸಲ ಕೊಕ್ಕರೆ ಬೆಳ್ಳೂರಿನ ಮೇಲೆ ಒಬ್ಬ ಹುಡುಗ ಬರೆದುಕೊಟ್ಟ. ಮೊದಲ ಸಾಲೇ "ಚಿತ್ರಿಸಿದ ಕೊಕ್ಕರೆಗಳ ಗೂಡುಕಟ್ಟುವ ವಸಾಹತು ಇಲ್ಲಿ ನೆಲೆಗೊಂಡಿದೆ" ಅಂತ. ಮದ್ದೂರು ತಾಲ್ಲೂಕಿನಲ್ಲಿ ಯಾರಾದರೂ ಹೀಗೆ ಮಾತಾಡ್ತಾರಾ? ಪೇಂಟೆಡ್ ಸ್ಟಾರ್ಕ್, ನೆಸ್ಟಿಂಗ್ ಕಾಲೊನಿ ಎರಡೂ ಮೆಷಿನ್ ಬಾಯಿಗೆ ಬಿದ್ದು ಹೀಗಾಗಿವೆ. ನಮ್ಮ ಕಡೆ ಅದು ಬಣ್ಣದ ಕೊಕ್ಕರೆ. ಊರಿನವರ ಬಾಯಲ್ಲಿ ಬಾಣಂತನಕ್ಕೆ ತವರಿಗೆ ಬಂದ ಮಗಳು.

ಹಾಗಾಗಿ ಮೊದಲು ಮಾಡಬೇಕಾದ್ದು ಗಟ್ಟಿಯಾಗಿ ಓದುವುದು. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಆಗಿನ ಅನುವಾದ ಕಣ್ಣಿಗೇ ಹೊಡೆಯುತ್ತಿತ್ತು, ಈಗ ವ್ಯಾಕರಣ ಹೆಚ್ಚುಕಮ್ಮಿ ಸರಿಯಾಗಿಯೇ ಇರುತ್ತದೆ, ಅದಕ್ಕೇ ಕಣ್ಣಿಗಿಂತ ಕಿವಿ ಮೇಲು. "ಕಟ್ಟಲ್ಪಟ್ಟಿತು", "ಪರಿಗಣಿಸಲ್ಪಟ್ಟಿದೆ" ಸಾಲುಸಾಲಾಗಿ ಬಂದರೆ ನಿಲ್ಲಿ. ಅಂಕಿಗಳನ್ನೂ ನೋಡಿ. ಕೆ.ಆರ್.ಎಸ್. ತುಂಬಿತು ಅಂದರೆ ಮಂಡ್ಯದವರಿಗೆ ಅದು 124.80 ಅಡಿ. ಮೀಟರ್ ಲೆಕ್ಕ, ಕೋಟಿ ಇರಬೇಕಾದ ಕಡೆ ಮಿಲಿಯನ್ ಇದ್ದರೆ ಮೂಲ ಬೇರೆ ಎಲ್ಲೋ ಇದೆ.

ಆಮೇಲೆ ಹುಡುಕಾಟ. ಮೊದಲ ಪ್ಯಾರಾ ಹಾಕಬೇಡಿ, ಕದಿಯುವವರು ಅದನ್ನಾದರೂ ಬದಲಿಸಿರುತ್ತಾರೆ. ಮೂರನೆಯದೋ ನಾಲ್ಕನೆಯದೋ ಪ್ಯಾರಾದಿಂದ ಏಳೆಂಟು ಪದದ ಸಾಲು ತೆಗೆದು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಕಾಗುಣಿತ ತಪ್ಪಿರುವ ಸಾಲು ಸಿಕ್ಕರೆ ಇನ್ನೂ ಒಳ್ಳೆಯದು, ತಪ್ಪೂ ಜೊತೆಗೇ ಬಂದಿರುತ್ತದೆ. ಏನೂ ಸಿಗದಿದ್ದರೆ ಅದೇ ಸಾಲನ್ನು ಇಂಗ್ಲಿಷ್ ಮಾಡಿ ಹುಡುಕಿ.

ಇಲ್ಲೊಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಟೈಪಾದ ಲೇಖನಗಳು ಯೂನಿಕೋಡ್ (ಈಗಿನ ಕಂಪ್ಯೂಟರ್, ಮೊಬೈಲ್‌ಗಳೆಲ್ಲ ಬಳಸುವ ಅಕ್ಷರ ಸಂಕೇತ) ಅಲ್ಲ, ಗೂಗಲ್‌ನಲ್ಲಿ ಕನ್ನಡ ಹೊಡೆದು ಹುಡುಕಿದರೆ ಸಿಗುವುದಿಲ್ಲ. ಅಂಥದ್ದನ್ನು ಪರಿವರ್ತಿಸಿ ತಂದಾಗ ಅರ್ಕಾವತ್ತು ಜಾಗ ತಪ್ಪುವುದುಂಟು: "ಧರ್ಮ" ಹೋಗಿ "ಧಮರ್" ಆಗಿರುತ್ತದೆ. ಮೊಬೈಲಲ್ಲಿ ಟೈಪ್ ಮಾಡಿದೆ ಅನ್ನುವವರ ಲೇಖನದಲ್ಲಿ "ಧಮರ್" ಕಂಡರೆ ಕೇಳಿ. ಅವರದ್ದೇ ಹಳೇ ಫೈಲ್ ಇರಬಹುದು, ಸುಮ್ನೆ ಕಳ್ಳ ಅನ್ನಬೇಡಿ.

ನಿಜವಾದ ಪರೀಕ್ಷೆ ಫೋನಿನದು. ಸಂಚಿಕೆಯ ವಾಟ್ಸಾಪ್ ಗುಂಪಿನಲ್ಲಿ ಎಳೆದು ಹಾಕಬೇಡಿ, ನೇರ ಫೋನ್ ಮಾಡಿ. ಆಲೆಮನೆ ಬಗ್ಗೆ ಬರೆದಿದ್ದಾರಾ? "ಪಾಕ ಹದಕ್ಕೆ ಬಂತು ಅಂತ ಕೊಪ್ಪರಿಗೆ ಹತ್ತಿರ ನಿಂತವರಿಗೆ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿ. ನೋಡಿದವರು ಅರ್ಧ ಗಂಟೆ ಬಿಡುವುದಿಲ್ಲ. ನೋಡದವರು "ಅದು ಲೇಖನದಲ್ಲೇ ಇದೆಯಲ್ಲ ಸಾರ್" ಅಂತಾರೆ. ಕೊಕ್ಕರೆ ಹುಡುಗನಿಗೂ ಫೋನ್ ಮಾಡಿದೆ. ಅಜ್ಜಿ ಮನೆ ಅದೇ ಊರು, ಹಿತ್ತಲ ಹುಣಸೆಮರದಲ್ಲಿ ಗೂಡು, ಅಂಗಳದಲ್ಲೆಲ್ಲ ಮೀನಿನ ವಾಸನೆ ಅಂತ ಬಡಬಡ ಹೇಳಿದ. "ಇದನ್ನೇ ಬರಿಯಪ್ಪ, ಎರಡು ದಿನ ಟೈಮ್ ಕೊಡ್ತೀನಿ" ಅಂದೆ. ಒಂದೂವರೆ ಪುಟ ಬಂತು, ಹಾಕಿದೆವು.

ಅನುವಾದ ಅಂತ ಹೇಳಿಕೊಂಡೇ ಕೊಟ್ಟರೆ ತಪ್ಪಿಲ್ಲ, ಆದರೆ ಮೂಲದವರ ಒಪ್ಪಿಗೆ ಇರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅನುವಾದದ ಹಕ್ಕೂ ಲೇಖಕರದ್ದೇ, ಸಾಮಾನ್ಯವಾಗಿ ಅವರು ತೀರಿಕೊಂಡ ಮೇಲೆ 60 ವರ್ಷದವರೆಗೆ. ವಿಕಿಪೀಡಿಯದ ಬರಹ ಬಳಸಬಹುದು, ಆದರೆ ಅಲ್ಲಿಂದ ತಂದದ್ದು ಅಂತ ಹೇಳಬೇಕು, ಅದೇ ಪರವಾನಗಿಯಲ್ಲಿ ಹಂಚಬೇಕು. ಇಸವಿ, ಅಂಕಿಗೆ ಯಾರೂ ಒಡೆಯರಲ್ಲ. ವಾಕ್ಯಕ್ಕೆ ಇದ್ದಾರೆ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಮಕ್ಕಳ ಕನ್ನಡ ಕೆಲವೊಮ್ಮೆ ಅನುವಾದದ ಥರವೇ ಇರುತ್ತದೆ. ಅವರನ್ನು ಅನುಮಾನಿಸಬೇಡಿ, ಜೊತೆಗೆ ಕೂತು ತಿದ್ದಿ. ಕದ್ದದ್ದು ಅಂತ ಖಾತ್ರಿಯಾದರೆ ಮೂಲ ತೋರಿಸಿ ವಾಪಸ್ ಕೊಡಿ. ಎಷ್ಟೇ ದೊಡ್ಡ ದೇಣಿಗೆ ಕೊಟ್ಟವರಾದರೂ ಅಷ್ಟೇ. ಅಚ್ಚಾದ ಮೇಲೆ ಗೊತ್ತಾದರೆ ಮೂಲ ಲೇಖಕರಿಗೆ ನೀವೇ ಮೊದಲು ಫೋನ್ ಮಾಡಿ, ಹಂಚದೆ ಉಳಿದ ಪ್ರತಿಗಳಿಗೆ ಒಂದು ತಿದ್ದುಪಡಿ ಚೀಟಿ ಅಂಟಿಸಿ.